ಮಲೆನಾಡಿನ ನೆಲ–ನೀರಿನ ವ್ಯಾಜ್ಯಗಳಿಗೆ ಇಲ್ಲಿಗೇ ಬಂದು ಕೂರುವ ನ್ಯಾಯಾಲಯ ಬೇಕು

ಮಾನ್ಯ ಸಂಪಾದಕರೇ,

ಧರೆ ಕುಸಿದ, ಹಳ್ಳ ದಿಕ್ಕು ತಪ್ಪಿದ, ಬಡಾವಣೆಯ ಮಣ್ಣು ಅಡಿಕೆ ತೋಟಕ್ಕೆ ನುಗ್ಗಿದ ಸುದ್ದಿಗಳು ಪ್ರತಿ ಮಳೆಗಾಲದಲ್ಲಿಯೂ ಪತ್ರಿಕೆಗಳಲ್ಲಿ ಚಿತ್ರಸಹಿತ ಬರುತ್ತವೆ. ಆ ಚಿತ್ರಗಳಲ್ಲಿ ನಿಂತಿರುವ ಜನ ಆಮೇಲೆ ಯಾರ ಬಳಿ ನ್ಯಾಯ ಕೇಳಲು ಹೋದರು ಎಂಬುದು ಸುದ್ದಿಯಾಗುವುದಿಲ್ಲ, ಏಕೆಂದರೆ ಹೆಚ್ಚಿನವರು ಎಲ್ಲಿಗೂ ಹೋಗುವುದಿಲ್ಲ. ಹೋಗಲು ಹೊರಟು ಅರ್ಧ ದಾರಿಯಲ್ಲಿ ನಿಂತವರಲ್ಲಿ ನಾನೂ ಒಬ್ಬ. ಆ ಅನುಭವದಿಂದ ಹುಟ್ಟಿದ ಒಂದು ಬೇಡಿಕೆಯನ್ನು ತಮ್ಮ ಓದುಗರ ಮುಂದೆಯೂ ನಮ್ಮ ಜಿಲ್ಲೆಯ ಜನಪ್ರತಿನಿಧಿಗಳ ಮುಂದೆಯೂ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಪರಿಸರದ ವ್ಯಾಜ್ಯವನ್ನೂ ನೆಲಬಳಕೆಯ ಯೋಜನೆಯ ವ್ಯಾಜ್ಯವನ್ನೂ ಒಂದೇ ಕಡೆ ಕೇಳುವ, ವ್ಯಾಜ್ಯ ಹುಟ್ಟಿದ ಜಾಗಕ್ಕೆ ಬಂದು ನೋಡುವ ಒಂದು ವಿಶೇಷ ನ್ಯಾಯಾಲಯ ಮಲೆನಾಡಿಗೆ ಬೇಕು ಎಂಬುದು ಆ ಬೇಡಿಕೆ.

ನಮ್ಮ ಊರು ಹೊಸನಗರ ತಾಲ್ಲೂಕಿನಲ್ಲಿದೆ. ಊರಿನ ಮೇಲ್ಭಾಗದಲ್ಲಿ ಒಂದು ಗುಡ್ಡ, ಅದರ ಬುಡದಲ್ಲಿ ಒಂದು ಚಿಕ್ಕ ಕೆರೆ, ಕೆರೆಯ ಕೋಡಿಯಿಂದ ಹೊರಟ ಹಳ್ಳದ ಎರಡೂ ಬದಿ ಹನ್ನೊಂದು ಮನೆಗಳ ತೋಟ ಮತ್ತು ಮಕ್ಕಿ ಗದ್ದೆ. ಕೆಲವು ವರ್ಷಗಳ ಹಿಂದೆ ಗುಡ್ಡದ ಜಮೀನು ಕೈಬದಲಾಗಿ, ಬೇಸಿಗೆಯಲ್ಲಿ ಜೆಸಿಬಿಗಳು ಬಂದು, ಎರಡು ತಿಂಗಳಲ್ಲಿ ಇಳಿಜಾರೆಲ್ಲ ನಿವೇಶನಗಳ ಮೆಟ್ಟಿಲಾಯಿತು. ಅಗೆದ ಮಣ್ಣಿಗೆ ತಡೆಗೋಡೆ ಇರಲಿಲ್ಲ, ಮಳೆನೀರು ಹರಿದುಹೋಗಲು ಚರಂಡಿಯೂ ಇರಲಿಲ್ಲ. ಜೂನ್ ತಿಂಗಳ ಎರಡನೆಯ ವಾರ ಮಳೆ ಹಿಡಿದಾಗ ಆ ಕೆಮ್ಮಣ್ಣೆಲ್ಲ ಕೆರೆಗೆ ಇಳಿಯಿತು, ಕೋಡಿ ಕಟ್ಟಿಕೊಂಡು ಹಳ್ಳ ತೋಟದ ಮೇಲೆ ಹರಿಯಿತು, ಬಸಿಗಾಲುವೆಗಳು ಮುಚ್ಚಿಹೋದವು. ಅಡಿಕೆ ಮರದ ಬುಡದಲ್ಲಿ ನೀರು ನಿಂತರೆ ಏನಾಗುತ್ತದೆ ಎಂದು ತೋಟ ಮಾಡುವವರಿಗೆ ಹೇಳಬೇಕಾಗಿಲ್ಲ. ಆ ವರ್ಷ ಬೇರು ಕೊಳೆತ ಮರಗಳು ಮುಂದಿನ ಎರಡು ವರ್ಷಗಳಲ್ಲಿ ಒಂದೊಂದಾಗಿ ಒಣಗಿದವು.

ನಾವು ಅರ್ಜಿ ಬರೆದೆವು. ಪಂಚಾಯಿತಿಯವರು ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ತಮ್ಮ ಅಧಿಕಾರದಲ್ಲಿಲ್ಲ ಎಂದರು. ಕಂದಾಯ ಕಚೇರಿಯಲ್ಲಿ, ಕೆರೆಯ ಅಂಗಳ ಒತ್ತುವರಿಯಾಗಿದೆಯೇ ಎಂದು ಮೊದಲು ಸರ್ವೆ ಆಗಬೇಕು, ಮಳೆಗಾಲದಲ್ಲಿ ಅಳತೆ ಸಾಧ್ಯವಿಲ್ಲ ಎಂದರು. ಬಡಾವಣೆಯ ನಕ್ಷೆಗೆ ಅನುಮೋದನೆ ನೀಡಿದ ಕಚೇರಿಯು ನಕ್ಷೆ ನಿಯಮಬದ್ಧವಾಗಿದೆ, ಕಾಮಗಾರಿಯ ಮೇಲ್ವಿಚಾರಣೆ ತನ್ನದಲ್ಲ ಎಂದು ಉತ್ತರ ಬರೆಯಿತು. ಮಾಲಿನ್ಯದ ವಿಷಯ ನೋಡುವವರು, ಇದು ಕಾರ್ಖಾನೆಯ ತ್ಯಾಜ್ಯವಲ್ಲ, ಬರೀ ಮಣ್ಣು ಎಂದರು. ಸರ್ವೆಯವರು ಬಂದದ್ದು ಮುಂದಿನ ಫೆಬ್ರವರಿಯಲ್ಲಿ. ಅಷ್ಟು ಹೊತ್ತಿಗೆ ಹೂಳಿನ ಮೇಲೆ ಹುಲ್ಲು ಬೆಳೆದು, ಅದು ಮೊದಲಿನಿಂದಲೂ ಹಾಗೆಯೇ ಇತ್ತೇನೋ ಎಂಬಂತೆ ಕಾಣುತ್ತಿತ್ತು. ಈ ಉತ್ತರಗಳಲ್ಲಿ ಸುಳ್ಳು ಒಂದೂ ಇರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ಪ್ರತಿಯೊಂದು ಕಚೇರಿಯೂ ತನ್ನ ಕಾಯಿದೆಯ ಗಡಿಯೊಳಗೆ ನಿಂತು ಸರಿಯಾಗಿಯೇ ಮಾತನಾಡಿತ್ತು.

ಮಾರ್ಚ್ ತಿಂಗಳಿನಲ್ಲಿ ಶಿವಮೊಗ್ಗದ ವಕೀಲರೊಬ್ಬರ ಬಳಿ ಕಡತ ತೆಗೆದುಕೊಂಡು ಹೋದಾಗ ಅವರು ತಾಳ್ಮೆಯಿಂದ ಎಲ್ಲವನ್ನೂ ಓದಿ, ನಮ್ಮ ಒಂದು ದೂರನ್ನು ಮೂರಾಗಿ ಹೋಳು ಮಾಡಿ ತೋರಿಸಿದರು. ಕೆರೆ ಮತ್ತು ಹಳ್ಳಕ್ಕೆ ಆದ ಹಾನಿಯನ್ನು, ಪರಿಸರದ ವ್ಯಾಜ್ಯಗಳನ್ನು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಒಯ್ಯಬಹುದು. ಭೂಪರಿವರ್ತನೆಯ ಆದೇಶವನ್ನು ಪ್ರಶ್ನಿಸುವುದಾದರೆ ಬೆಂಗಳೂರಿನ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಬಡಾವಣೆಯ ಅನುಮೋದನೆಯನ್ನು ಪ್ರಶ್ನಿಸಲು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು. ಮೊದಲನೆಯದಕ್ಕೆ ಇರುವ ಆರು ತಿಂಗಳ ಗಡುವು, ಸಕಾರಣ ತೋರಿಸಿದರೆ ಸಿಗಬಹುದಾದ ಇನ್ನೂ 60 ದಿನಗಳು, ಎರಡೂ ಮುಗಿದುಹೋಗಿವೆ ಎಂದರು. ಪರಿಹಾರ ಮತ್ತು ಪುನಃಸ್ಥಾಪನೆ ಕೇಳಲು ಐದು ವರ್ಷಗಳ ಅವಕಾಶ ಇನ್ನೂ ಇದೆ, ಆದರೆ ಹಾನಿಯನ್ನು ನೀವೇ ಸಾಬೀತು ಮಾಡಬೇಕು ಎಂದೂ ಹೇಳಿದರು. ನಾವು ಕಚೇರಿಗಳ ಉತ್ತರಕ್ಕಾಗಿ ಕಾದ ದಿನಗಳೇ ನಮ್ಮ ಗಡುವನ್ನು ನುಂಗಿದ್ದವು. ಹನ್ನೊಂದು ಮನೆಗಳವರು ಒಂದು ಸಂಜೆ ಸೇರಿ ಮಾತನಾಡಿ, ಮೂರು ಕಡೆ ಮೂವರು ವಕೀಲರನ್ನು ಇಡುವ ಶಕ್ತಿ ತಮಗಿಲ್ಲ ಎಂದು ತೀರ್ಮಾನಿಸಿದರು. ನಾನೂ ಆ ತೀರ್ಮಾನಕ್ಕೆ ತಲೆಯಾಡಿಸಿದೆ.

ಹಸಿರು ನ್ಯಾಯಮಂಡಳಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದು ನಮ್ಮ ದೇಶದ ಒಳ್ಳೆಯ ಕಾನೂನುಗಳಲ್ಲಿ ಒಂದರಿಂದ ಹುಟ್ಟಿದ ಸಂಸ್ಥೆ. ಪರಿಸರದ ವ್ಯಾಜ್ಯಗಳಲ್ಲಿ ವಿಜ್ಞಾನದ ಪ್ರಶ್ನೆಗಳು ಬರುತ್ತವೆ, ಅವುಗಳನ್ನು ತೀರ್ಮಾನಿಸಲು ನ್ಯಾಯಾಧೀಶರ ಜೊತೆ ತಜ್ಞರೂ ಕೂರಬೇಕು ಎಂಬ ಮಾತನ್ನು ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಲ್ಲಿ ಹಲವು ಬಾರಿ ಹೇಳಿತ್ತು. 1999ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಈ ಮಾತನ್ನು ವಿಸ್ತಾರವಾಗಿ ಬರೆದ ನ್ಯಾಯಮೂರ್ತಿ ಎಂ. ಜಗನ್ನಾಥರಾವ್ ಅವರೇ ಮುಂದೆ ಕಾನೂನು ಆಯೋಗದ ಅಧ್ಯಕ್ಷರಾಗಿ, 2003ರ 186ನೇ ವರದಿಯಲ್ಲಿ ಪರಿಸರ ನ್ಯಾಯಾಲಯಗಳ ಸ್ಥಾಪನೆಗೆ ಶಿಫಾರಸು ಮಾಡಿದರು. ಆ ವರದಿಯ ಆಶಯವು ಇಡೀ ದೇಶಕ್ಕೆ ಬೆರಳೆಣಿಕೆಯ ಪೀಠಗಳಾಗಿರಲಿಲ್ಲ, ನ್ಯಾಯಾಲಯ ರಾಜ್ಯಗಳ ಮಟ್ಟಕ್ಕೆ ಇಳಿಯಬೇಕೆಂಬುದಾಗಿತ್ತು. 2010ರ ಕಾಯಿದೆಯಿಂದ ನಮಗೆ ದೊರೆತದ್ದು ದೆಹಲಿಯ ಪ್ರಧಾನ ಪೀಠ ಮತ್ತು ಭೋಪಾಲ್, ಪುಣೆ, ಕೋಲ್ಕತ್ತ, ಚೆನ್ನೈಗಳ ನಾಲ್ಕು ವಲಯ ಪೀಠಗಳು. ಕರ್ನಾಟಕ ಸೇರಿದಂತೆ ದಕ್ಷಿಣದ ರಾಜ್ಯಗಳೆಲ್ಲ ಚೆನ್ನೈಗೆ ಸೇರಿವೆ.

ಆದರೂ ಅದರ ಗುಣಗಳು ದೊಡ್ಡವು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಟ್ಟುಪಾಡುಗಳಿಗೆ ಅದು ಒಳಪಟ್ಟಿಲ್ಲ, ಸಹಜ ನ್ಯಾಯದ ತತ್ವಗಳನ್ನು ಪಾಲಿಸಿದರೆ ಸಾಕು. ಅರ್ಜಿಯನ್ನು ಆರು ತಿಂಗಳೊಳಗೆ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ ಒಂದು ಸಾವಿರ ರೂಪಾಯಿ ಮಾತ್ರ. ಕೆಡಿಸಿದವನೇ ಸರಿಪಡಿಸುವ ವೆಚ್ಚ ಭರಿಸಬೇಕು, ಹಾನಿ ಖಚಿತವಾಗುವವರೆಗೆ ಕಾಯದೆ ಮುನ್ನೆಚ್ಚರಿಕೆ ವಹಿಸಬೇಕು ಎಂಬ ತತ್ವಗಳನ್ನು ತೀರ್ಪಿನಲ್ಲಿ ಅನ್ವಯಿಸಲೇಬೇಕೆಂದು ಅದರ 20ನೇ ಕಲಮು ವಿಧಿಸುತ್ತದೆ. ಯಾರೂ ಅರ್ಜಿ ಹಾಕದಿದ್ದರೂ ಸ್ವಯಂಪ್ರೇರಣೆಯಿಂದ ಪ್ರಕರಣ ಕೈಗೆತ್ತಿಕೊಳ್ಳುವ ಅಧಿಕಾರ ಅದಕ್ಕಿದೆ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ.

ತೊಡಕಿರುವುದು ಅದರ ಅನುಸೂಚಿಯಲ್ಲಿ, ಅಂದರೆ ಅದು ಯಾವ ಕಾಯಿದೆಗಳ ವ್ಯಾಜ್ಯ ಕೇಳಬಹುದೆಂಬ ಪಟ್ಟಿಯಲ್ಲಿ. ಜಲ ಕಾಯಿದೆ, ವಾಯು ಕಾಯಿದೆ, 1980ರ ಅರಣ್ಯ ಸಂರಕ್ಷಣಾ ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ, 2002ರ ಜೀವವೈವಿಧ್ಯ ಕಾಯಿದೆ ಸೇರಿದಂತೆ ಅದರಲ್ಲಿ ಇರುವುದು ಏಳು ಕಾಯಿದೆಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದರಲ್ಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಇಲ್ಲ. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಾಗಲಿ, ಭೂಪರಿವರ್ತನೆಗೆ ಆಧಾರವಾದ 1964ರ ಭೂಕಂದಾಯ ಕಾಯಿದೆಯಾಗಲಿ ಇಲ್ಲ. ಅಂದರೆ ಹಳ್ಳ ಕೆಟ್ಟ ಮೇಲೆ ಕೇಳುವವರಿದ್ದಾರೆ, ಹಳ್ಳದ ತಲೆಯ ಮೇಲೆ ಬಡಾವಣೆ ಬರಬಹುದೇ ಎಂಬ ಮೊದಲ ಪ್ರಶ್ನೆಯನ್ನು ಅದೇ ಪೀಠದಲ್ಲಿ ಕೇಳುವಂತಿಲ್ಲ. ಮಲೆನಾಡಿನಲ್ಲಿ ಈ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಲಾಗದು. ಇಲ್ಲಿ ನೆಲ ಇಳಿಜಾರು. ಮೇಲೆ ಒಬ್ಬರು ತೆಗೆದುಕೊಂಡ ನಿರ್ಧಾರ ಕೆಳಗೆ ಇನ್ನೊಬ್ಬರ ಗದ್ದೆಗೆ ಬಂದು ಬೀಳುತ್ತದೆ.

ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ನೋಡಿ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರು ಏರಿಳಿಸಿ 2,000 ಮೆಗಾವಾಟ್ ವಿದ್ಯುತ್ ಪಡೆಯುವ ಈ ಯೋಜನೆ ಸಿಂಗಳೀಕದ ಅಭಯಾರಣ್ಯದೊಳಗೆ ಹಾಯುತ್ತದೆ. ಪರಿಸರ ಅನುಮತಿ 1986ರ ಕಾಯಿದೆಯಡಿ, ಅರಣ್ಯ ಅನುಮತಿ 1980ರ ಕಾಯಿದೆಯಡಿ, ವನ್ಯಜೀವಿ ಮಂಡಳಿಯ ಒಪ್ಪಿಗೆ 1972ರ ಕಾಯಿದೆಯಡಿ ಬರಬೇಕು. ಮೊದಲ ಎರಡನ್ನು ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು, ಮೂರನೆಯದು ಅದರ ಅನುಸೂಚಿಯ ಹೊರಗಿದೆ. ಯೋಜನೆಯ ಪರವಾಗಿರುವವರಿಗೂ ವಿರೋಧವಾಗಿರುವವರಿಗೂ ಒಂದೇ ಕಡೆ, ಒಂದೇ ಸಲ, ಎಲ್ಲ ದಾಖಲೆಗಳನ್ನು ಮುಂದಿಟ್ಟು ತೀರ್ಪು ಪಡೆಯುವ ದಾರಿ ಇಲ್ಲ. ಶಿವಮೊಗ್ಗ ನಗರದ ತುಂಗೆಯ ಕಥೆಯೂ ಬೇರೆಯಲ್ಲ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹೇಳಿಕೊಂಡು ಬಂದ ನಾವು ಆ ಹೊಳೆಗೆ ಊರಿನ ಕೊಳಚೆ ಸೇರುವುದನ್ನು ಸೇತುವೆಯ ಮೇಲೆ ನಿಂತೇ ನೋಡುತ್ತೇವೆ. ಕೊಳಚೆ ಜಲ ಕಾಯಿದೆಯ ವಿಷಯ, ಒಳಚರಂಡಿಯ ಸಾಮರ್ಥ್ಯ ನೋಡದೆ ಊರು ಬೆಳೆಯಲು ಬಿಟ್ಟ ಮಹಾಯೋಜನೆ (ಮಾಸ್ಟರ್ ಪ್ಲಾನ್) ಬೇರೆ ಕಾಯಿದೆಯ ವಿಷಯ.

ದೂರದ ಮಾತಿಗೆ ಬರುತ್ತೇನೆ. ಶಿವಮೊಗ್ಗದಿಂದ ಚೆನ್ನೈಗೆ ಆರುನೂರು ಕಿಲೋಮೀಟರಿಗೂ ಹೆಚ್ಚು. ಈಗ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಬಹುದು ಎಂದು ಹೇಳುವವರಿದ್ದಾರೆ. ಅದು ನಿಜ, ಅದರಿಂದ ಉಪಕಾರವೂ ಆಗಿದೆ. ಆದರೆ ಕಲಾಪ ನಡೆಯುವುದು ಇಂಗ್ಲಿಷಿನಲ್ಲಿ. ನಮ್ಮ ಪಹಣಿ, ಆಕಾರಬಂದ್, ಸರ್ವೆ ಟಿಪ್ಪಣಿ, ಮಹಜರು, ಪಂಚಾಯಿತಿಯ ನಡವಳಿ ಎಲ್ಲವೂ ಕನ್ನಡದಲ್ಲಿವೆ. ತೋಟಕ್ಕೆ ಸೊಪ್ಪು ತರುವ ‘ಸೊಪ್ಪಿನಬೆಟ್ಟ’, ದಟ್ಟ ಕಾಡಾದ ‘ಕಾನು’, ಹುಲ್ಲುಗಾವಲಾದ ‘ಬ್ಯಾಣ’ ಎಂಬ ಮಾತುಗಳಿಗೆ ನಮ್ಮಲ್ಲಿ ಬಳಕೆಯ ಹಕ್ಕಿನ ನೂರು ವರ್ಷಗಳ ಚರಿತ್ರೆಯೇ ಇದೆ. ಅವೆಲ್ಲವೂ ಅನುವಾದದಲ್ಲಿ ಬರೀ ‘ಕಾಡು’ ಅಥವಾ ‘ಖರಾಬು’ ಆಗಿ ಹೋದರೆ ವ್ಯಾಜ್ಯದ ಅರ್ಧ ಸತ್ವ ಅಲ್ಲಿಯೇ ಸೋರಿಹೋಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಪೀಠ ದೂರದಲ್ಲಿರುವಾಗ ಸ್ಥಳದ ವಾಸ್ತವವನ್ನು ತಿಳಿಯಲು ಅದು ಅನೇಕ ಸಲ ಜಿಲ್ಲಾಡಳಿತ ಮತ್ತು ಸಂಬಂಧಪಟ್ಟ ಇಲಾಖೆಗಳ ಜಂಟಿ ಸಮಿತಿಯನ್ನು ನೇಮಿಸಿ ವರದಿ ಕೇಳುತ್ತದೆ. ಅನುಮತಿ ಕೊಟ್ಟ ಇಲಾಖೆಯವರೇ ತಮ್ಮ ಅನುಮತಿಯ ಪರಿಣಾಮವನ್ನು ಅಳೆದು ವರದಿ ಬರೆಯಬೇಕಾದ ಸಂದರ್ಭ ಹೀಗೆ ಒದಗಿಬರುತ್ತದೆ. ಅಧಿಕಾರಿಗಳ ಪ್ರಾಮಾಣಿಕತೆಯನ್ನು ನಾನು ಶಂಕಿಸುತ್ತಿಲ್ಲ. ಆದರೆ ಮಣ್ಣು ಎಲ್ಲಿಂದ ಬಂತು ಎಂದು ನೋಡುವ ಕಣ್ಣು ನ್ಯಾಯ ಹೇಳುವವರದ್ದೇ ಆಗಿರಬೇಕು, ಅದೂ ಮಳೆ ನಿಲ್ಲುವ ಮೊದಲು.

ಇದು ಆಗದ ಮಾತಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವು 1979ರಲ್ಲಿ ಕಾನೂನು ಮಾಡಿ, 1980ರ ಸೆಪ್ಟೆಂಬರಿನಿಂದ ಭೂಮಿ ಮತ್ತು ಪರಿಸರ ನ್ಯಾಯಾಲಯವನ್ನು ನಡೆಸಿಕೊಂಡು ಬಂದಿದೆ. ಕಟ್ಟಡ ಮತ್ತು ಬಡಾವಣೆಗಳ ಅನುಮತಿಯ ಮೇಲ್ಮನವಿ, ಭೂಸ್ವಾಧೀನದ ಪರಿಹಾರ, ಮಾಲಿನ್ಯದ ಅಪರಾಧ, ಇವೆಲ್ಲವನ್ನೂ ಅದೊಂದೇ ನ್ಯಾಯಾಲಯ ಕೇಳುತ್ತದೆ. ಅಲ್ಲಿ ನ್ಯಾಯಾಧೀಶರ ಜೊತೆಗೆ ಆಯುಕ್ತರೆಂದು ಕರೆಯುವ ನಗರ ಯೋಜಕರು, ಎಂಜಿನಿಯರುಗಳು, ಪರಿಸರ ತಜ್ಞರು ಇರುತ್ತಾರೆ. ಅನೇಕ ವ್ಯಾಜ್ಯಗಳು ಆಯುಕ್ತರು ಸ್ಥಳಕ್ಕೆ ಬಂದು, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನಡೆಸುವ ಸಂಧಾನ ಸಭೆಯಲ್ಲಿಯೇ ಮುಗಿಯುತ್ತವೆ. ನ್ಯೂಜಿಲೆಂಡಿನ ಪರಿಸರ ನ್ಯಾಯಾಲಯದ ಕಾನೂನಂತೂ, ಅನುಕೂಲವಿರುವಷ್ಟರ ಮಟ್ಟಿಗೆ ವ್ಯಾಜ್ಯದ ಜಾಗಕ್ಕೆ ಹತ್ತಿರದಲ್ಲಿಯೇ ವಿಚಾರಣೆ ನಡೆಯಬೇಕೆಂದು ಹೇಳುತ್ತದೆ. ನಮ್ಮ ಕಾನೂನು ಆಯೋಗವು ಈ ಎರಡೂ ದೇಶಗಳ ಮಾದರಿಯನ್ನು ಅಭ್ಯಾಸ ಮಾಡಿತ್ತು. ಅವರ ಪದ್ಧತಿಯಲ್ಲಿ ಪರಿಸರದ ಭಾಗ ನಮಗೆ ಬಂತು, ಯೋಜನೆಯ ಭಾಗವೂ ಊರಿಗೆ ಬರುವ ನ್ಯಾಯಾಲಯವೂ ಅಲ್ಲಿಯೇ ಉಳಿದವು.

ಹೊರದೇಶದ ಉದಾಹರಣೆ ಬೇಡವೆನ್ನುವವರಿಗೆ ಶಿವಮೊಗ್ಗ ಜಿಲ್ಲೆಯದೇ ಒಂದನ್ನು ಕೊಡುತ್ತೇನೆ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ ಜಾರಿಯಾದಾಗ ಗೇಣಿದಾರರ ಹಕ್ಕನ್ನು ತೀರ್ಮಾನಿಸುವ ಕೆಲಸವನ್ನು ಸಿವಿಲ್ ನ್ಯಾಯಾಲಯಗಳಿಗೆ ಬಿಡದೆ, ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳನ್ನು ಸ್ಥಾಪಿಸಲಾಯಿತು. ನನ್ನ ತಂದೆಯವರು ಗೇಣಿ ಹಕ್ಕಿನ ಅರ್ಜಿಯಾದ ಫಾರಂ 7 ತುಂಬಿ, ಆ ಮಂಡಳಿಯ ಮುಂದೆ ತಾವೇ ನಿಂತು, ಯಾವ ಗದ್ದೆಗೆ ಯಾರು ಎಷ್ಟು ಖಂಡುಗ ಗೇಣಿ ಅಳೆದರೆಂದು ತಮ್ಮ ಮಾತಿನಲ್ಲಿಯೇ ಹೇಳಿದ್ದರು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಆ ಮಂಡಳಿಗಳಲ್ಲಿ ದೋಷಗಳಿದ್ದವು. ಎಷ್ಟೋ ಆದೇಶಗಳು ಹೈಕೋರ್ಟಿನಲ್ಲಿ ರದ್ದಾಗಿ ಮರುವಿಚಾರಣೆಗೆ ಬಂದವು, ಕೆಲವು ವ್ಯಾಜ್ಯಗಳು ಮಕ್ಕಳ ಕಾಲಕ್ಕೂ ಮುಗಿಯಲಿಲ್ಲ. ಹಾಗಿದ್ದರೂ ಓದು ಬಾರದ ಗೇಣಿದಾರ ತನ್ನ ನೆಲದ ಮಾತನ್ನು ತನ್ನ ತಾಲ್ಲೂಕಿನಲ್ಲಿ, ತನ್ನ ಭಾಷೆಯಲ್ಲಿ ಹೇಳಿ ಹಕ್ಕು ಪಡೆದದ್ದು ಈ ಜಿಲ್ಲೆಯಲ್ಲಿ ನಡೆದ ಸಂಗತಿ. ಅಂದು ಮಾಡಲು ಸಾಧ್ಯವಾದದ್ದು ಇಂದು ಏಕೆ ಅಸಾಧ್ಯವಾಗಬೇಕು ಎಂಬ ಪ್ರಶ್ನೆಗೆ ನನಗೆ ಇಲ್ಲಿಯವರೆಗೆ ಉತ್ತರ ದೊರೆತಿಲ್ಲ.

ಪರಿಸರದ ನ್ಯಾಯಾಲಯ ಎಂದೊಡನೆ ನಮ್ಮ ಕಡೆಯ ರೈತರು ಹೆದರುತ್ತಾರೆ ಎಂಬುದು ನನಗೆ ಗೊತ್ತು. ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಚರ್ಚೆ ಎದ್ದಾಗಲೆಲ್ಲ ನಮ್ಮ ಊರಿನ ಸಭೆಗಳಲ್ಲಿ ಕೇಳುವ ಮೊದಲ ಮಾತು ‘ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಎಂಬುದೇ. ಲಿಂಗನಮಕ್ಕಿ ಜಲಾಶಯದ ನೀರಿನಲ್ಲಿ ಮನೆ–ಗದ್ದೆ ಕಳೆದುಕೊಂಡು, ಆರು ದಶಕಗಳಾದರೂ ಹಕ್ಕುಪತ್ರಕ್ಕಾಗಿ ಕಾಯುತ್ತಿರುವ ಕುಟುಂಬಗಳು ಕಣ್ಣೆದುರಿಗೆ ಇರುವಾಗ ಆ ಹೆದರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ನಾನು ಕೇಳುತ್ತಿರುವ ನ್ಯಾಯಾಲಯ ಅವರಿಗೂ ಬೇಕು. ಮೂರು ತಲೆಮಾರಿನಿಂದ ಸಾಗುವಳಿ ಮಾಡಿದ ಸರ್ವೆ ನಂಬರ್ ಪರಿಭಾವಿತ ಅರಣ್ಯದ (ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯವೆಂದೇ ಭಾವಿಸುವ ಭೂಮಿಯ) ಪಟ್ಟಿಗೆ ಸೇರಿದೆ ಎಂದು ತಿಳಿದ ರೈತ ಇಂದು ಅರಣ್ಯ ಇಲಾಖೆ ಮತ್ತು ಕಂದಾಯ ಇಲಾಖೆಗಳ ನಡುವೆ ಅಲೆಯುತ್ತಾನೆ. ಒಂದು ಇಲಾಖೆಯ ದಾಖಲೆಯಲ್ಲಿ ಅದು ಕಂದಾಯ ಭೂಮಿ, ಇನ್ನೊಂದರ ನಕ್ಷೆಯಲ್ಲಿ ಕಾಡು. ಸ್ಥಳಕ್ಕೆ ಬಂದು ಹಳೆಯ ಅಗಳವನ್ನೂ ಮರಗಳ ವಯಸ್ಸನ್ನೂ ನೋಡಿ, ಎರಡೂ ದಾಖಲೆಗಳನ್ನು ಒಟ್ಟಿಗೆ ಓದಿ ತೀರ್ಮಾನ ಹೇಳುವವರು ದೊರೆತರೆ ಅವನ ಅಲೆದಾಟ ಮುಗಿದೀತು. ತೀರ್ಪು ಅವನ ವಿರುದ್ಧವಾಗಿ ಬಂದರೂ ಅವನಿಗೆ ಕಾರಣ ತಿಳಿಯುತ್ತದೆ.

ಕುದುರೆಮುಖದ ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತದ್ದು ಸುಪ್ರೀಂ ಕೋರ್ಟಿನ 2002ರ ಆದೇಶದಿಂದ. ಆ ಹೋರಾಟ ನಡೆಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಭದ್ರೆಗೆ ಹರಿದ ಹೂಳನ್ನು ದಡದ ಜನ ದಶಕಗಳಿಂದ ನೋಡುತ್ತಿದ್ದರು; ಅವರ ಮಾತು ದೆಹಲಿಯವರೆಗೆ ಹೋಗಿ ತೀರ್ಪಾಗಿ ಬರಲು ಅಷ್ಟು ಕಾಲ ಬೇಕಾಯಿತು. ಪ್ರತಿ ಕೆರೆಗೂ ಪ್ರತಿ ಕಲ್ಲು ಕ್ವಾರಿಗೂ ಅಂಥ ಹೋರಾಟಗಾರರು ದೊರೆಯುವುದಿಲ್ಲ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರದ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕಗಳು ಸಿಡಿದು ಕಾರ್ಮಿಕರು ಸತ್ತಾಗ, ಅದರ ಸದ್ದು ಜಿಲ್ಲೆಯ ಆಚೆಗೂ ಕೇಳಿದ ಮೇಲೆಯೇ ಇಲ್ಲಿನ ಕ್ವಾರಿಗಳ ವಿಷಯ ರಾಜ್ಯದ ಗಮನಕ್ಕೆ ಬಂತು.

ಈಗ ಮಾಡಬಹುದಾದದ್ದು ಎರಡು ಹಂತಗಳಲ್ಲಿದೆ. ಮೊದಲನೆಯದಕ್ಕೆ ಹೊಸ ಕಾಯಿದೆಯೂ ಬೇಕಿಲ್ಲ. ಹಸಿರು ನ್ಯಾಯಮಂಡಳಿಯ ಪೀಠವು ತನ್ನ ಸಾಮಾನ್ಯ ಸ್ಥಳದ ಹೊರಗೆ ಸಂಚಾರಿಯಾಗಿ ಕುಳಿತು ವಿಚಾರಣೆ ನಡೆಸಲು 2010ರ ಕಾಯಿದೆಯಲ್ಲಿಯೇ ಅವಕಾಶವಿದೆ. ಶಿಮ್ಲಾ, ಶಿಲ್ಲಾಂಗ್, ಜೋಧಪುರ, ಕೊಚ್ಚಿಗಳನ್ನು ಅಂಥ ಸ್ಥಳಗಳೆಂದು ಗುರುತಿಸಲಾಗಿದೆ. ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿಲ್ಲ. ಪಶ್ಚಿಮ ಘಟ್ಟದ ನಟ್ಟನಡುವೆ ಇರುವ, ಈಗ ವಿಮಾನ ನಿಲ್ದಾಣವನ್ನೂ ಪಡೆದಿರುವ ಶಿವಮೊಗ್ಗದಲ್ಲಿ ವರ್ಷಕ್ಕೆ ಎರಡು ಬಾರಿ, ಅದರಲ್ಲಿ ಒಂದು ಬಾರಿಯಾದರೂ ಮಳೆಗಾಲದಲ್ಲಿ, ಚೆನ್ನೈ ಪೀಠ ಕುಳಿತು ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಹಾಸನ ಮತ್ತು ಕೊಡಗಿನ ಪ್ರಕರಣಗಳನ್ನು ಕೇಳುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು. ನ್ಯಾಯಮಂಡಳಿಯ ಸದಸ್ಯರ ಹುದ್ದೆಗಳನ್ನು ತುಂಬದೆ ಇದು ನಡೆಯುವುದಿಲ್ಲ. ಕಾಯಿದೆ ಹೇಳುವ ಕನಿಷ್ಠ ಹತ್ತು ನ್ಯಾಯಿಕ ಸದಸ್ಯರು ಮತ್ತು ಹತ್ತು ತಜ್ಞ ಸದಸ್ಯರ ಸಂಖ್ಯೆಯನ್ನು ವರ್ಷಗಟ್ಟಲೆ ಪೂರೈಸದೆ ಬಿಟ್ಟದ್ದು ದೊಡ್ಡ ಲೋಪ.

ಎರಡನೆಯದು ರಾಜ್ಯದ ಕೈಯಲ್ಲಿದೆ. ಸರ್ಕಾರಿ ಭೂಮಿಯ ಕಬಳಿಕೆಯನ್ನು ತಡೆಯಲು 2011ರ ಕಾಯಿದೆಯಡಿ ವಿಶೇಷ ನ್ಯಾಯಾಲಯ ಸ್ಥಾಪಿಸಿದ ರಾಜ್ಯ ನಮ್ಮದು. ಅದರಲ್ಲಿ ನ್ಯಾಯಿಕ ಸದಸ್ಯರ ಜೊತೆ ಕಂದಾಯ ಅನುಭವದ ಸದಸ್ಯರೂ ಇದ್ದಾರೆ. ಅದೇ ರೀತಿಯಲ್ಲಿ ಮಹಾಯೋಜನೆ, ಭೂಪರಿವರ್ತನೆ, ಬಡಾವಣೆಯ ಅನುಮೋದನೆ ಮತ್ತು ಕೆರೆ–ಹಳ್ಳಗಳ ಒತ್ತುವರಿಯ ಮೇಲ್ಮನವಿಗಳನ್ನು ಒಟ್ಟಿಗೆ ಕೇಳುವ, ಭೂವಿಜ್ಞಾನ ಮತ್ತು ಜಲವಿಜ್ಞಾನ ಬಲ್ಲ ಸದಸ್ಯರಿರುವ ಒಂದು ಯೋಜನಾ ನ್ಯಾಯಮಂಡಳಿಯನ್ನು ವಿಧಾನಮಂಡಲ ರೂಪಿಸಬಹುದು. ಅದಕ್ಕೆ ಮೂರು ಷರತ್ತುಗಳನ್ನು ಕಾಯಿದೆಯಲ್ಲಿಯೇ ಬರೆಯಬೇಕೆಂದು ನನ್ನ ಕೋರಿಕೆ: ಕಲಾಪ ಕನ್ನಡದಲ್ಲಿ ನಡೆಯಬೇಕು, ದೂರು ಬಂದ ಮಳೆಗಾಲದಲ್ಲಿಯೇ ಒಬ್ಬ ತಜ್ಞ ಸದಸ್ಯರು ಸ್ಥಳ ನೋಡಬೇಕು, ಮತ್ತು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಉತ್ತರಕ್ಕಾಗಿ ಕಾದ ದಿನಗಳನ್ನು ಗಡುವಿನಿಂದ ಕಳೆಯಬೇಕು. ಮೂರನೆಯದು ಸಣ್ಣದಾಗಿ ಕಂಡೀತು. ನಮ್ಮ ಹನ್ನೊಂದು ಮನೆಗಳು ಸೋತದ್ದು ಅದು ಇಲ್ಲದ್ದರಿಂದಲೇ.

ಮುಂದಿನ ಅಧಿವೇಶನದಲ್ಲಿ ಮಲೆನಾಡಿನ ಶಾಸಕರು ಪಕ್ಷಭೇದವಿಲ್ಲದೆ ಈ ವಿಷಯವನ್ನು ಎತ್ತಬೇಕೆಂದು ವಿನಂತಿಸುತ್ತೇನೆ. ನಮ್ಮ ಕೆರೆಯ ಕಡತದಲ್ಲಿ ನಾಲ್ಕು ಕಚೇರಿಗಳ ಉತ್ತರಗಳು, ಜೂನ್ ತಿಂಗಳ ಛಾಯಾಚಿತ್ರಗಳು ಮತ್ತು ಫೆಬ್ರವರಿಯ ಸರ್ವೆ ನಕ್ಷೆ ಇವೆ. ಯಾರೇ ಜನಪ್ರತಿನಿಧಿಗಳು ಕೇಳಿದರೂ ಅದರ ಪ್ರತಿಯನ್ನು ನಾನೇ ತಂದು ಕೊಡಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ ಮತ್ತು ಅಡಿಕೆ ಬೆಳೆಗಾರ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ